ರನ್ ಅಂದ್ರೆ ಬರೀ ಓಡೋದಾ? ಮಕ್ಕಳಿಗೆ ಹೇಗೆ ಹೇಳಿಕೊಡೋದು

ಟೀಚರಕ್ಕ_ತಿಪಟೂರು
ಎಲ್ರಿಗೂ ನಮಸ್ಕಾರ. ಸಂಜೆ ಹೊತ್ತು ಮನೇಲಿ ಎಂಟು ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ಕೊಡ್ತೀನಿ, ಎಲ್ಲಾ ಕನ್ನಡ ಮೀಡಿಯಂ ಮಕ್ಕಳು. ಮೊನ್ನೆ ಅನುವಾದಕ್ಕೆ 'ಮೈ ಅಂಕಲ್ ರನ್ಸ್ ಎ ಹೋಟೆಲ್' ಅಂತ ಕೊಟ್ಟಿದ್ದೆ, ಮುಕ್ಕಾಲು ಜನ 'ನಮ್ಮ ಮಾವ ಹೋಟೆಲಿಗೆ ಓಡುತ್ತಾರೆ' ಅಂತ ಬರೆದಿದ್ದಾರೆ. ಅವರದ್ದೇನೂ ತಪ್ಪಿಲ್ಲ, ಒಂದನೇ ಕ್ಲಾಸಿಂದ ಓಡ್ತಿರೋ ಹುಡುಗನ ಚಿತ್ರ ತೋರಿಸಿ ರನ್ ಅಂದ್ರೆ ಓಡು ಅಂತ ಬಾಯಿಪಾಠ ಮಾಡಿಸಿರೋದು. ಈಗ ಬೇರೆ ಅರ್ಥಗಳನ್ನ ಹೇಳೋಣ ಅಂತ ಡಿಕ್ಷನರಿ ತೆಗೆದ್ರೆ ಪಟ್ಟಿ ಮುಗಿಯೋದೇ ಇಲ್ಲ. ಅಷ್ಟನ್ನೂ ಬರೆಸಿದ್ರೆ ಮಕ್ಕಳು ಇಂಗ್ಲಿಷ್ ಅಂದ್ರೇನೇ ಹೆದರ್ತಾರೆ. ಇದಕ್ಕೆ ಏನಾದ್ರೂ ಒಂದು ದಾರಿ ಇದೆಯಾ? ನೀವು ನಿಮ್ಮ ಕೆಲಸದಲ್ಲಿ, ಮನೇಲಿ ಈ ಪದ ಎಲ್ಲೆಲ್ಲಿ ಬಳಸ್ತೀರ ಅಂತ ಹೇಳಿದ್ರೂ ಉಪಕಾರ ಆಗುತ್ತೆ, ಮಕ್ಕಳಿಗೆ ಗೊತ್ತಿರೋ ಉದಾಹರಣೆ ಕೊಡಬಹುದು.

ಪದಪ್ರಿಯ_ಮೈಸೂರು
ಮೇಡಂ, ಪಟ್ಟಿ ಮುಗಿಯಲ್ಲ ಅಂದ್ರಲ್ಲ, ಅದು ನಿಜವಾಗ್ಲೂ ಇಂಗ್ಲಿಷಿನಲ್ಲೇ ಅತೀ ಉದ್ದದ ಪಟ್ಟಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಪರಿಷ್ಕರಣೆ ಮಾಡಿದಾಗ ರನ್ ಅನ್ನೋ ಕ್ರಿಯಾಪದ ಒಂದಕ್ಕೇ 645 ಅರ್ಥ ಬಂತು, 2011ರಲ್ಲಿ ಪೇಪರ್‌ಗಳಲ್ಲೆಲ್ಲ ಸುದ್ದಿಯಾಗಿತ್ತು. ಅದಕ್ಕೂ ಮುಂಚೆ, 1989ರ ಎರಡನೇ ಆವೃತ್ತಿಯಲ್ಲಿ, ಸೆಟ್ ಅನ್ನೋ ಪದ ಮೊದಲನೇ ಸ್ಥಾನದಲ್ಲಿತ್ತು. ರನ್ ಅದನ್ನ ಹಿಂದೆ ಹಾಕೋಕೆ ಮುಖ್ಯ ಕಾರಣ ಯಂತ್ರಗಳು. ಎಂಜಿನ್ ಬಂತು, ರೈಲು ಬಂತು, ಕಂಪ್ಯೂಟರ್ ಬಂತು, ಎಲ್ಲಕ್ಕೂ ಜನ ರನ್ ಅಂತಲೇ ಅಂದ್ರು.

ಆದ್ರೆ ಅಷ್ಟೂ ಅರ್ಥದ ಒಳಗೆ ಇರೋ ಎಳೆ ಒಂದೇ: ಒಂದು ದಾರೀಲಿ ತಡೆ ಇಲ್ದೆ ಸಾಗ್ತಾ ಇರೋದು. ಕಾಲಿನ ವೇಗ ಅನ್ನೋದು ಅದರಲ್ಲಿ ಒಂದು ಭಾಗ ಮಾತ್ರ. ಜರ್ಮನ್ ಭಾಷೇಲಿ ಇದರದ್ದೇ ಬಳಗದ ಎರಡು ಪದ ಇವತ್ತಿಗೂ ಇವೆ, ರೆನ್ನನ್ ಅಂದ್ರೆ ಓಡೋದು, ರಿನ್ನನ್ ಅಂದ್ರೆ ಹರಿಯೋದು. ಇಂಗ್ಲಿಷಿನಲ್ಲಿ ಎರಡೂ ಸೇರಿ ಒಂದೇ ಆಗಿಬಿಟ್ಟಿದೆ. ಅದಕ್ಕೇ ನದಿಯೂ ರನ್ಸ್, ಹುಡುಗನೂ ರನ್ಸ್.

ನಮ್ಮಲ್ಲೂ ಹೀಗೆ ಇತ್ತು ಅನ್ನೋದು ನನಗೆ ತುಂಬ ಇಷ್ಟವಾದ ವಿಷಯ. ಹಳಗನ್ನಡದ 'ಪರಿ' ಅಂದ್ರೆ ಹರಿಯೋದೂ ಹೌದು, ಓಡೋದೂ ಹೌದು. ಪಕಾರ ಹಕಾರ ಆಗಿ ಹರಿ ಆಯ್ತು, ಆಮೇಲೆ ಓಡೋ ಕೆಲಸವನ್ನ 'ಓಡು' ತಗೊಂಡು ಹರಿ ನೀರಿಗೆ ಉಳೀತು. ಪೂರ್ತಿ ಬಿಟ್ಟು ಹೋಗಿಲ್ಲ ನೋಡಿ, ಪೇಪರಲ್ಲಿ ಇವತ್ತಿಗೂ 'ಲಾರಿ ಹರಿದು ಸಾವು' ಅಂತ ಬರೀತಾರೆ. ಇಂಗ್ಲಿಷಿನ ರನ್ ಓವರ್ ಇದೇ ತಾನೆ. ಹಾವು ಹರಿದು ಹೋಯ್ತು ಅಂತೀವಿ, ಸುದ್ದಿ ಹರಿದಾಡ್ತಿದೆ ಅಂತೀವಿ.

ಸಿಂಪಲ್_ಸೀನಾ
ಮೇಡಂ ಬೇಜಾರಾಗ್ಬೇಡಿ, ಎಕ್ಸಾಮಿಗೆ ಬೇಕಾಗಿರೋದು ಓಡು ಮತ್ತೆ ನಡೆಸು ಎರಡೇ. ಎರಡು ಹೇಳ್ಕೊಟ್ಟು ಮುಂದಿನ ಪಾಠಕ್ಕೆ ಹೋಗಿ. 645 ಕಲಿತು ಯಾರಿಗೆ ಏನಾಗ್ಬೇಕು, ಇರೋ ಟೈಮಲ್ಲಿ ಗ್ರಾಮರ್ ಮಾಡಿಸಿ ಮಾರ್ಕ್ಸ್ ಬರುತ್ತೆ.

ಟೀಚರಕ್ಕ_ತಿಪಟೂರು
ಸೀನಾ ಅವ್ರೆ, ಮಾರ್ಕ್ಸ್ ಬೇಕು, ಇಲ್ಲ ಅನ್ನಲ್ಲ. ಆದ್ರೆ ಈ ಮಕ್ಕಳು ನಾಳೆ ಪಿಯುಸಿ ಸೈನ್ಸ್ ತಗೊಂಡ್ರೆ, ಐಟಿಐಗೆ ಹೋದ್ರೆ, ಪುಸ್ತಕ ಪೂರ್ತಿ ಇಂಗ್ಲಿಷ್, 'ರನ್ ದಿ ಮೋಟರ್ ವಿತೌಟ್ ಲೋಡ್' ಅಂತ ಬಂದ್ರೆ ಅವರಿಗೆ ಅರ್ಥ ಆಗ್ಬೇಕಲ್ವಾ. ಎರಡು ಅರ್ಥ ಬಾಯಿಪಾಠ ಮಾಡಿದವರು ಮೂರನೇದು ಬಂದಾಗ ನಿಂತುಬಿಡ್ತಾರೆ. ನಾನು ಹುಡುಕ್ತಿರೋದು ಮೂರನೇದನ್ನ ಅವರೇ ಊಹಿಸೋ ಥರ ಹೇಗೆ ಮಾಡೋದು ಅಂತ.

ಹುಬ್ಳಿ_ಕಸೂತಿ
ಅಕ್ಕಾರ ನಮಸ್ಕಾರ್ರಿ. ನಾ ಹೊಲಿಗಿ ಕೆಲಸ ಮಾಡ್ತೀನ್ರಿ, ನಮ್ಮ ಅಂಗಡ್ಯಾಗ ಈ ಪದ ಇಲ್ದ ದಿನಾನ ಹೋಗೂದಿಲ್ಲ. ಸೀರಿ ತಂದವ್ರು ಮೊದಲ ಕೇಳೂದು 'ಇದಕ್ಕ ರನ್ನಿಂಗ್ ಬ್ಲೌಸ್ ಐತೇನ್ರಿ' ಅಂತ. ಅಂದ್ರ ಸೀರಿ ಸೆರಗಿನ ಆಚೆ ಅದ ಬಟ್ಟಿ ಮುಂದ ಹರಕೊಂಡು ಬಂದಿರ್ತೈತಿ, ಅದನ್ನ ಕತ್ತರಿಸಿ ಬ್ಲೌಸ್ ಹೊಲಿಯೂದು. ಬ್ಯಾರೆ ಬಣ್ಣದ್ದು ಆದ್ರ ಕಾಂಟ್ರಾಸ್ಟ್ ಅಂತಾರ. ಇಲ್ಲಿ ಓಡೂ ಮಾತ ಇಲ್ಲ, ಕಡಿಲಾರದ ಮುಂದುವರದಿದ್ದು ಅಷ್ಟ ಅರ್ಥ. ಮ್ಯಾಲೆ ಮೈಸೂರಿನ ಸರ್ ಹೇಳಿದ್ದು ನಮ್ಮ ಬಟ್ಟಿಗೆ ಬರೋಬ್ಬರಿ ಹೊಂದತೈತಿ.

ಇನ್ನ ರನ್ನಿಂಗ್ ಸ್ಟಿಚ್. ಸೂಜಿ ಮ್ಯಾಲೆ ಒಮ್ಮೆ ಕೆಳಗ ಒಮ್ಮೆ, ಎತ್ತಲಾರದ ಮುಂದ ಮುಂದ ಹೋಗೂ ಹೊಲಿಗಿ. ನಮ್ಮ ಧಾರವಾಡ ಕಸೂತ್ಯಾಗ ನಾಕು ಥರದ ಹೊಲಿಗಿ ಅದಾವ್ರಿ: ಗವಂತಿ, ಮುರ್ಗಿ, ನೇಗಿ, ಮೆಂತಿ. ಅದರಾಗ ಗವಂತಿಗೆ ಇಂಗ್ಲಿಷ್ನ್ಯಾಗ ಡಬಲ್ ರನ್ನಿಂಗ್ ಸ್ಟಿಚ್ ಅಂತಾರ. ಹೋಗೂ ಮುಂದ ಒಂದ ಮನಿ (ಒಂದ ಹೊಲಿಗಿ ಬೀಳೂವಷ್ಟು ಜಾಗ) ಬಿಟ್ಟು ಒಂದ ಮನಿ ಹಾಕ್ಕೋತ ಹೋಗಬೇಕು, ತಿರುಗಿ ಅದ ದಾರೀಲೆ ಬರೂ ಮುಂದ ಖಾಲಿ ಉಳದ ಮನಿ ತುಂಬಕೋತ ಬರಬೇಕು. ಗಂಟ ಹಾಕೂದಿಲ್ಲ. ಅದಕ್ಕ ಬಟ್ಟಿ ತಿರುವಿ ಹಾಕಿದ್ರೂ ಗೋಪುರ, ತೇರು, ಆನಿ ಎಲ್ಲಾ ಎರಡೂ ಕಡೆ ಒಂದ ನಮೂನಿ ಕಾಣತಾವ. ದಾರಿ ತಪ್ಪಿದ್ರ ಸೂಜಿ ಹೊರಟ ಜಾಗಕ್ಕ ವಾಪಸ್ ಬರೂದಿಲ್ಲ, ಹಂಗಾಗಿ ಸೂಜಿ ಎತ್ತೂಕಿಂತ ಮೊದಲ ದಾರಿ ಲೆಕ್ಕಾ ಹಾಕಬೇಕು. ನಿಮ್ಮ ಹುಡುಗ್ಯಾರಿಗೆ ಒಂದ ಬಟ್ಟಿ ತುಂಡು ಸೂಜಿ ಕೊಟ್ಟು ತೋರಿಸ್ರಿ, ರನ್ನಿಂಗ್ ಅಂದ್ರ ಏನಂತ ಕೈಗೆ ಗೊತ್ತಾಗ್ತೈತಿ.

ಬಣ್ಣ ಬಿಡೂ ಸೀರಿಗೂ 'ಕಲರ್ ರನ್ಸ್' ಅಂತ ಅಂತಾರ್ರಿ, ಅದನ್ನೂ ಹೇಳ್ರಿ. ನಾವು ಬಣ್ಣ ಬಿಡತೈತಿ ಅಂತೀವಿ.

ಸೈಟ್_ಇಂಜಿನಿಯರ್_ದಾವಣಗೆರೆ
ಕಟ್ಟಡದ ಕಡೆಯಿಂದ ಎರಡು ಸೇರಿಸ್ತೀನಿ. ಒಂದು ರನ್ನಿಂಗ್ ಫೀಟ್, ರನ್ನಿಂಗ್ ಮೀಟರ್. ಸ್ಕರ್ಟಿಂಗ್, ಕಾಂಪೌಂಡು, ಪೈಪು, ಗ್ರಿಲ್ಲು ಇವೆಲ್ಲ ಉದ್ದದ ಲೆಕ್ಕ, ಅಗಲ ಎತ್ತರ ಲೆಕ್ಕಕ್ಕೆ ಬರಲ್ಲ, ಎಷ್ಟುದ್ದ ಹೋಗುತ್ತೋ ಅಷ್ಟಕ್ಕೆ ರೇಟು. ಮೇಸ್ತ್ರಿಗಳು ಓದು ಬರಹ ಇಲ್ದವರೂ 'ರನ್ನಿಂಗ್ ಅಡಿಗೆ ಎಷ್ಟು ಸಾರ್' ಅಂತ ಸಲೀಸಾಗಿ ಕೇಳ್ತಾರೆ.

ಎರಡನೇದು ಆರ್‌ಎ ಬಿಲ್, ಅಂದ್ರೆ ರನ್ನಿಂಗ್ ಅಕೌಂಟ್ ಬಿಲ್. ಸರ್ಕಾರಿ ಕಾಮಗಾರಿ ವರ್ಷಗಟ್ಟಲೆ ನಡೆಯುತ್ತೆ, ಪೂರ್ತಿ ಮುಗಿಯೋವರೆಗೂ ದುಡ್ಡು ಕೊಡದಿದ್ರೆ ಗುತ್ತಿಗೆದಾರ ಉಳಿಯಲ್ಲ, ಹಾಗಾಗಿ ಆದಷ್ಟು ಕೆಲಸ ಅಳತೆ ಮಾಡಿ ಎಂಬಿ, ಅಂದ್ರೆ ಮೆಷರ್‌ಮೆಂಟ್ ಬುಕ್ ಅನ್ನೋ ಅಳತೆ ಪುಸ್ತಕದಲ್ಲಿ ಬರೆದು ಮಧ್ಯೆ ಮಧ್ಯೆ ಬಿಲ್ ಮಾಡ್ತೀವಿ. ಎರಡನೇ ಆರ್‌ಎ ಬಿಲ್ಲಲ್ಲಿ ಎರಡನೇ ಸಲದ ಕೆಲಸ ಮಾತ್ರ ತೋರಿಸಲ್ಲ, ಮೊದಲಿಂದ ಇಲ್ಲೀವರೆಗೆ ಆಗಿರೋದನ್ನ ಪೂರ್ತಿ ತೋರಿಸಿ ಹಿಂದೆ ಕೊಟ್ಟಿದ್ದನ್ನ ಕಳೀತೀವಿ. ಲೆಕ್ಕ ಮುಂದೆ ಸಾಗ್ತಾನೇ ಇರುತ್ತೆ, ಕಡೇಲಿ ಫೈನಲ್ ಬಿಲ್ ಆದಾಗ್ಲೇ ನಿಲ್ಲೋದು. ಇಲ್ಲೂ ಅದೇ ಅರ್ಥ ಬಂತು ನೋಡಿ, ತುಂಡಾಗದೆ ಮುಂದುವರಿಯೋದು.

ವ್ಯಾಕರಣ_ಪ್ರೇಮಿ
ಟೀಚರ್ ಮೇಡಂ, ಮಕ್ಕಳು ಎಲ್ಲಿ ಎಡವ್ತಿದ್ದಾರೆ ಅಂತ ನನಗೆ ಅನ್ಸೋದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಕನ್ನಡದಲ್ಲಿ ತಾನೇ ಮಾಡೋದಕ್ಕೂ ಇನ್ನೊಂದರ ಕೈಲಿ ಮಾಡಿಸೋದಕ್ಕೂ ರೂಪವೇ ಬೇರೆ. ಓಡು, ಓಡಿಸು. ನಡೆ, ನಡೆಸು. ಹರಿ, ಹರಿಸು. ಆ 'ಇಸು' ಕೇಳಿಸ್ತಿದ್ದಂಗೆ ಯಾರೋ ಹಿಂದೆ ನಿಂತು ಮಾಡಿಸ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತೆ. ಇಂಗ್ಲಿಷಿನ ರನ್‌ಗೆ ಆ ಗುರುತೇ ಇಲ್ಲ. ದಿ ಬಸ್ ರನ್ಸ್ ಅಂದ್ರೆ ಬಸ್ ಓಡುತ್ತೆ, ದೇ ರನ್ ದಿ ಬಸ್ ಅಂದ್ರೆ ಬಸ್ ಓಡಿಸ್ತಾರೆ, ಕ್ರಿಯಾಪದ ಎರಡರಲ್ಲೂ ಒಂದೇ. ಮಗು ಕಾಯ್ತಾ ಇರೋ 'ಇಸು' ಎಲ್ಲೂ ಕಾಣಲ್ಲ, ಹಾಗಾಗಿ ಮಾವನನ್ನೇ ಓಡಿಸಿಬಿಡುತ್ತೆ.

ಹಾಗಾಗಿ ಮೊದಲನೇ ಪ್ರಶ್ನೆ: ರನ್ ಆದ್ಮೇಲೆ ನೇರವಾಗಿ ಒಂದು ವಸ್ತುವೋ ಸಂಸ್ಥೆಯೋ ಯಂತ್ರವೋ ಬಂದಿದೆಯಾ? ಬಂದಿದ್ರೆ ಮನಸ್ಸಲ್ಲೇ 'ಇಸು' ಸೇರಿಸ್ಕೊಳ್ಳಿ. ಎರಡನೇ ಪ್ರಶ್ನೆ: ಅದು ಯಾವ ವಸ್ತು? ಹೋಟ್ಲು ಅಂಗಡಿ ಸಂಘ ಆದ್ರೆ ನಡೆಸು. ಮೋಟರ್ ಪಂಪು ಆದ್ರೆ ಓಡಿಸು, ಆನ್ ಮಾಡು. ನಲ್ಲಿ ನೀರಾದ್ರೆ ಬಿಡು. ಕಂಪ್ಯೂಟರ್ ಪ್ರೋಗ್ರಾಂ ಆದ್ರೆ 'ರನ್ ಮಾಡು' ಅಂತಾನೇ ಕನ್ನಡ ಆಗಿಬಿಟ್ಟಿದೆ, ಬದಲಾಯಿಸೋದು ಬೇಡ. ಇವೆರಡು ಪ್ರಶ್ನೆ ಕೇಳ್ಕೊಂಡ್ರೆ ಅರ್ಧಕ್ಕರ್ಧ ವಾಕ್ಯ ಮಕ್ಕಳೇ ಬಿಡಿಸ್ತಾರೆ, ಪಟ್ಟಿ ಬೇಕಾಗಲ್ಲ.

ಇನ್ನೊಂದು, ಮಕ್ಕಳಿಗೆ ಧೈರ್ಯ ಬರೋಕೆ ನಮ್ಮ ಓಡು ಪದವನ್ನೇ ಮುಂದಿಡಿ. ಸಿನಿಮಾ ನೂರು ದಿನ ಓಡ್ತು, ತಲೆ ಓಡ್ತಿಲ್ಲ, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಆಟೋ ಮೀಟರ್ ಓಡ್ತಿದೆ, ಈ ಮಾಲು ನಮ್ಮೂರಲ್ಲಿ ಓಡಲ್ಲ, ಹುಡುಗಿ ಓಡಿಹೋದ್ಲು. ಇಷ್ಟರಲ್ಲಿ ಎಷ್ಟಕ್ಕೆ ಕಾಲು ಬೇಕು? ಮಕ್ಕಳು ಇದನ್ನ ಯೋಚನೆ ಮಾಡ್ದೆ ದಿನಾ ಆಡ್ತಾರೆ. ಇಂಗ್ಲಿಷಿನವರೂ ಅವರ ಪದವನ್ನ ಹಂಗೇ ಆಡ್ತಾರೆ ಅಂತ ಗೊತ್ತಾದ್ರೆ ಹೆದರಿಕೆ ಹೋಗುತ್ತೆ.

ಓಟಗಾರ_ಬೆಂಗಳೂರು
ವ್ಯಾಕರಣ ಸರ್, ಒಂದು ಡೌಟು. 'ಶಿ ರ‍್ಯಾನ್ ಎ ಮ್ಯಾರಥಾನ್' ಅಂದ್ರೆ? ಬೆಂಗಳೂರಲ್ಲಿ 2008ರಿಂದ ಟೆನ್ ಕೆ ಓಟ ನಡೀತಿದೆ, ಅದರಲ್ಲಿ ಓಡಿದೋರು 'ಐ ರ‍್ಯಾನ್ ಟೆನ್ ಕೆ' ಅಂತಾರೆ. ನಿಮ್ಮ ಲೆಕ್ಕದಲ್ಲಿ ಇಸು ಸೇರಿಸಿದ್ರೆ ಮ್ಯಾರಥಾನ್ ಓಡಿಸಿದ್ಲು ಅಂತ ಆಗುತ್ತಲ್ಲ.

ವ್ಯಾಕರಣ_ಪ್ರೇಮಿ
ಒಳ್ಳೇ ಪ್ರಶ್ನೆ. ಅದಕ್ಕೇ ವಸ್ತು, ಸಂಸ್ಥೆ, ಯಂತ್ರ ಅಂತ ಬಿಡಿಸಿ ಹೇಳಿದ್ದು. ದೂರ, ರೇಸು ಬಂದ್ರೆ ಅದು ಓಡಿದ ದಾರಿಯ ಅಳತೆ, ಅಲ್ಲಿ ಕಾಲಿನ ಓಟವೇ. 'ರನ್ ಎ ಫೀವರ್' ಕೂಡ ಬೇರೆ, ಜ್ವರ ನಾವು ನಡೆಸೋದಲ್ಲ, ಜ್ವರ ಬಂದಿದೆ ಅಷ್ಟೇ. 'ರನ್ ಎ ರೆಡ್ ಲೈಟ್' ಅಂದ್ರೆ ಸಿಗ್ನಲ್ ಜಂಪ್ ಮಾಡೋದು. ಇಂಥ ನಾಲ್ಕೈದನ್ನ ಮಾತ್ರ ಇದ್ದಂಗೇ ಕಲೀಬೇಕು.

ಕುಡ್ಲದವ
ನಮ್ಮ ಕಡೆ ಕಾರು ಓಡಿಸುವುದಿಲ್ಲ ಮಾರಾಯ್ರೆ, ಕಾರು ಬಿಡುವುದು. 'ನಿಮಗೆ ಗಾಡಿ ಬಿಡ್ಲಿಕ್ಕೆ ಬರ್ತದಾ' ಅಂತ ಕೇಳುವುದು. ಹುಬ್ಬಳ್ಳಿ ಕಡೆಯವರು ಗಾಡಿ ಹೊಡೀತಾರೆ. ಹಾಗಿರುವಾಗ ರನ್‌ಗೆ ಒಂದೇ ಕನ್ನಡ ಪದ ಅಂತ ಹುಡುಕಿದರೆ ಸಿಗ್ಲಿಕ್ಕುಂಟಾ? ಮಕ್ಕಳಿಗೆ ಅವರ ಊರಿನ ಮಾತಲ್ಲೇ ಹೇಳಿ ಅಂತ ನನ್ನ ಅಭಿಪ್ರಾಯ.

ಕಂಬಳ ನೋಡಿದವರಿಗೆ ವ್ಯಾಕರಣದವರು ಹೇಳಿದ್ದು ಒಂದು ಕ್ಷಣದಲ್ಲಿ ಅರ್ಥ ಆಗ್ತದೆ. ಕೆಸರಿನ ಕರೆಯಲ್ಲಿ, ಅಂದರೆ ಓಟದ ಹಾದಿಯಲ್ಲಿ, ಕೋಣಗಳೂ ಓಡ್ತವೆ, ಹಿಂದೆ ಹಗ್ಗ ಹಿಡಿದವನೂ ಓಡ್ತಾನೆ, ಆದರೆ ಅವನನ್ನು ನಾವು ಕರೆಯುವುದು ಕೋಣ ಓಡಿಸುವವ ಅಂತ. ಅವನು ಓಡುವುದೂ ಹೌದು ಓಡಿಸುವುದೂ ಹೌದು, ಇಂಗ್ಲಿಷಲ್ಲಿ ಎರಡಕ್ಕೂ ರನ್ ಸಾಕು.

ಮತ್ತೆ ರಸ್ತೆ. 'ದಿ ಹೈವೇ ರನ್ಸ್ ಅಲಾಂಗ್ ದಿ ಕೋಸ್ಟ್' ಅಂತ ನಮ್ಮ 66ನೇ ನಂಬರಿನ ಹೈವೇಗೆ ಬರೀತಾರೆ. ರಸ್ತೆ ಬಿದ್ದಲ್ಲೇ ಬಿದ್ದುಕೊಂಡಿರ್ತದೆ, ಆದರೂ ನಾವೂ ಈ ದಾರಿ ಉಡುಪಿಗೆ ಹೋಗ್ತದೆ ಅಂತಲೇ ಹೇಳುವುದಲ್ವಾ.

ಲೋಕೋ_ಅರಸೀಕೆರೆ
ರೈಲ್ವೇಲಿ ಈ ಪದದ ಮೇಲೇ ಸಂಬಳ ನಿಂತಿದೆ. ಗಾಡಿ ಜೊತೆ ಹೋಗೋರು ರನ್ನಿಂಗ್ ಸ್ಟಾಫ್, ಅಂದ್ರೆ ಲೋಕೋ ಪೈಲಟ್, ಅಸಿಸ್ಟೆಂಟ್ ಲೋಕೋ ಪೈಲಟ್, ಮತ್ತೆ ಗಾರ್ಡ್. ಗಾರ್ಡ್‌ಗೆ 2022ರಿಂದ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬದಲಾಗಿದೆ. ನಮಗೆ ಸಿಗೋದು ರನ್ನಿಂಗ್ ಅಲೋವೆನ್ಸ್, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ. ಡ್ಯೂಟಿ ಮುಗಿಸಿ ಬೇರೆ ಊರಲ್ಲಿ ಇಳಿದಾಗ ಮಲಗೋ ಜಾಗ ರನ್ನಿಂಗ್ ರೂಮ್, ಅಲ್ಲಿ ಊಟ, ಮಂಚ, ಎಬ್ಬಿಸೋಕೆ ಕಾಲ್ ಬಾಯ್ ಎಲ್ಲ ಇರ್ತಾರೆ. ಹೊರಗಿನವರು ಈ ಹೆಸರು ಕೇಳಿ ವ್ಯಾಯಾಮದ ಕೋಣೆ ಅಂತ ತಿಳ್ಕೋತಾರೆ, ನಿಜವಾಗಿ ಅದು ರಾತ್ರಿ ಪೂರ್ತಿ ಸಿಗ್ನಲ್ ನೋಡಿ ಬಂದವರು ಕಣ್ಣು ಮುಚ್ಚೋ ಜಾಗ. ಅಲ್ಲಿ ಯಾರೂ ಜೋರಾಗಿ ಮಾತಾಡಲ್ಲ.

ಮಕ್ಕಳಿಗೆ ಇದನ್ನೂ ಹೇಳಿ ಮೇಡಂ, 'ರನ್ನಿಂಗ್ ಬಸ್ ಹತ್ತಬೇಡ', 'ರನ್ನಿಂಗ್ ಟ್ರೈನ್' ಅಂತ ನಾವು ಆಡ್ತೀವಿ, ನಮ್ಮ ದೇಶದಲ್ಲಿ ಎಲ್ರಿಗೂ ಅರ್ಥ ಆಗುತ್ತೆ, ಆದ್ರೆ ಹೊರಗಿನ ಇಂಗ್ಲಿಷಿನವರು ಅಲ್ಲಿ ಮೂವಿಂಗ್ ಬಸ್, ಮೂವಿಂಗ್ ಟ್ರೈನ್ ಅಂತಾರೆ. ಟ್ರೈನ್ ಲೇಟ್ ಆದ್ರೆ ಮಾತ್ರ 'ರನ್ನಿಂಗ್ ಲೇಟ್'. ಮನುಷ್ಯರಿಗೂ ಅದೇ ಮಾತು ನಡೆಯುತ್ತೆ, ಐ ಆಮ್ ರನ್ನಿಂಗ್ ಲೇಟ್ ಅಂದ್ರೆ ಲೇಟಾಗ್ತಿದೆ ಅಂತ, ಓಡ್ತಿದೀನಿ ಅಂತಲ್ಲ.

ಗಲ್ಲಿ_ಕ್ರಿಕೆಟರ್
ಇಷ್ಟು ಹೊತ್ತಾದ್ರೂ ಕ್ರಿಕೆಟ್ ಯಾರೂ ಹೇಳಿಲ್ವಲ್ಲ! ಮಕ್ಕಳಿಗೆ ಅಲ್ಲಿಂದಾನೇ ಶುರು ಮಾಡಿ. ರಾಹುಲ್ ಡ್ರಾವಿಡ್ ಟೆಸ್ಟಲ್ಲಿ 13,288 ರನ್, ಅದರಲ್ಲಿ ಬೌಂಡರಿ ಹೊಡೆದಾಗೆಲ್ಲ ಯಾರೂ ಪೂರ್ತಿ ಓಡಿಲ್ಲ, ಆದ್ರೂ ನಾಲ್ಕು ರನ್ ಅಂತಲೇ ಬರ್ಕೊಳ್ಳೋದು. ಮೊದಲು ಎರಡು ವಿಕೆಟ್ ಮಧ್ಯೆ ಓಡಿದ್ದಕ್ಕೆ ಆ ಹೆಸರು ಬಂತು, ಆಮೇಲೆ ಲೆಕ್ಕಕ್ಕೇ ಹೆಸರಾಯ್ತು. ರನ್ ಔಟ್ ಅಂದ್ರೆ ಓಡಿ ಔಟ್ ಆಗೋದು, ರನ್ನರ್ ಅಂದ್ರೆ ಕಾಲು ನೋವಾದವನ ಪರವಾಗಿ ಓಡೋನು, ನಾವು ಬೈ ರನ್ನರ್ ಅಂತಿದ್ವಿ. ಇಂಟರ್‌ನ್ಯಾಷನಲ್ ಮ್ಯಾಚಲ್ಲಿ 2011ರಲ್ಲಿ ಅದನ್ನ ತೆಗೆದುಬಿಟ್ರು, ನಮ್ಮ ಗಲ್ಲೀಲಿ ಇನ್ನೂ ಇದೆ. ರನ್ನರ್ ಅಪ್ ಅಂದ್ರೆ ಮಾತ್ರ ಎರಡನೇ ಸ್ಥಾನ, ಅದು ಕ್ರಿಕೆಟ್ ಒಂದಕ್ಕೇ ಅಲ್ಲ, ರಂಗೋಲಿ ಸ್ಪರ್ಧೆಗೂ ಹಾಕ್ತಾರೆ.

ನ್ಯೂಜೆರ್ಸಿ_ಕನ್ನಡತಿ
ಅಮೆರಿಕದಿಂದ ನನ್ನದೂ ಸ್ವಲ್ಪ. ಇಲ್ಲಿ ಚುನಾವಣೆಗೆ ಓಡ್ತಾರೆ, ರನ್ ಫಾರ್ ಪ್ರೆಸಿಡೆಂಟ್. ಬ್ರಿಟನ್ನಲ್ಲಿ ನಿಲ್ತಾರೆ, ಸ್ಟ್ಯಾಂಡ್ ಫಾರ್ ಪಾರ್ಲಿಮೆಂಟ್. ಕನ್ನಡದಲ್ಲಿ ನಾವು ಬ್ರಿಟನ್ ಥರ ನಿಲ್ತೀವಿ, ಇಲ್ಲಾಂದ್ರೆ ಕಣಕ್ಕಿಳೀತೀವಿ. ಇಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಜೊತೇಲಿ ನಿಲ್ಲೋರನ್ನ ರನ್ನಿಂಗ್ ಮೇಟ್ ಅಂತಾರೆ, 2020ರಲ್ಲಿ ಬೈಡನ್ ಅವರ ರನ್ನಿಂಗ್ ಮೇಟ್ ಆಗಿದ್ದೋರು ಕಮಲಾ ಹ್ಯಾರಿಸ್. ಇಂಗ್ಲಿಷ್ ಪೇಪರ್ ಓದೋ ಮಕ್ಕಳಿಗೆ ಇದು ಬೇಕಾಗುತ್ತೆ.

ಬ್ಯಾಂಕ್ ರನ್ ಅನ್ನೋದೂ ಇದೆ. ಬ್ಯಾಂಕ್ ಮುಳುಗುತ್ತೆ ಅಂತ ಸುದ್ದಿ ಹಬ್ಬಿ ಠೇವಣಿದಾರರು ಎಲ್ಲಾ ಒಟ್ಟಿಗೆ ದುಡ್ಡು ತೆಗೆಯೋಕೆ ನುಗ್ಗೋದು. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿಂದ ಒಂದೇ ದಿನದಲ್ಲಿ 42 ಬಿಲಿಯನ್ ಡಾಲರ್ ತೆಗೆಯೋಕೆ ಜನ ಮುಂದಾದ್ರು, ಮಾರನೇ ದಿನ ಬ್ಯಾಂಕ್ ಮುಚ್ಚಿಸಿದ್ರು. ಯಾರೂ ಬೀದೀಲಿ ಓಡಲಿಲ್ಲ, ಎಲ್ಲಾ ಫೋನಲ್ಲೇ. ಭಾರತದ ಸ್ಟಾರ್ಟಪ್‌ಗಳ ದುಡ್ಡೂ ಅಲ್ಲಿತ್ತು, ಹಾಗಾಗಿ ಬೆಂಗಳೂರಿಗೂ ಆ ಬಿಸಿ ತಟ್ಟಿತ್ತು.

ಮನೆ ಮಾತಿಗೆ ಬಂದ್ರೆ, ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಡಾಕ್ಟರ್ ಹತ್ರ ಈ ಪದ ತುಂಬ ಬೇಕಾಯ್ತು. ರನ್ನಿ ನೋಸ್ ಅಂದ್ರೆ ಮೂಗು ಸೋರೋದು. ರನ್ನಿಂಗ್ ಎ ಟೆಂಪರೇಚರ್ ಅಂದ್ರೆ ಜ್ವರ. ಶುಗರ್ ಮನೇಲಿ ಯಾರಿಗಾದ್ರೂ ಇದೆಯಾ ಅಂತ ಕೇಳೋಕೆ 'ಡಸ್ ಇಟ್ ರನ್ ಇನ್ ದಿ ಫ್ಯಾಮಿಲಿ' ಅಂತಾರೆ. 'ದಿ ರನ್ಸ್' ಅಂದ್ರೆ ಭೇದಿ. ಅಮ್ಮ ಲೂಸ್ ಮೋಷನ್ ಅಂದ್ರು, ನರ್ಸ್‌ಗೆ ಆ ಮಾತು ಗೊತ್ತಿರಲಿಲ್ಲ, ನಾನು ಜೊತೇಲಿ ಇರದಿದ್ರೆ ಕಷ್ಟ ಆಗ್ತಿತ್ತು. ಹಾಗಾಗಿ ದಯವಿಟ್ಟು ಇಂಥ ಮಾತು ಎಕ್ಸಾಮಿಗೆ ಬರಲ್ಲ ಅಂತ ಬಿಡಬೇಡಿ, ವಯಸ್ಸಾದವರಿಗೆ ಹುಷಾರಿಲ್ಲದಾಗ ಬೇಕಾಗೋದು ಇವೇ.

ಸಿಂಪಲ್_ಸೀನಾ
ಇದನ್ನೆಲ್ಲ ಓದಿದ ಮೇಲೆ ಎರಡರಲ್ಲಿ ಮುಗಿಸಿ ಅನ್ನೋಕಾಗಲ್ಲ ಬಿಡಿ. ಆದ್ರೂ ಒಂದು ಮಾತು, ರನ್ ರ‍್ಯಾನ್ ರನ್ ರೂಪ ಗಟ್ಟಿ ಮಾಡಿಸಿ ಮೇಡಂ. ಹ್ಯಾವ್ ಬಂದಾಗ ಮತ್ತೆ ರನ್ ಆಗುತ್ತೆ ಅನ್ನೋದೇ ಮಕ್ಕಳಿಗೆ ಮರೆಯೋದು, ಐ ಹ್ಯಾವ್ ರ‍್ಯಾನ್ ಅಂತ ಬರೀತಾರೆ.

ಟೀಚರಕ್ಕ_ತಿಪಟೂರು
ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್. ಸೀನಾ ಅವ್ರೆ, ಅದನ್ನ ನಾಳೇನೇ ಮಾಡಿಸ್ತೀನಿ. ಇವತ್ತು ಸಂಜೆ ಮೊದಲು ಕನ್ನಡದ ಓಡು ಹಾಕಿ ವಾಕ್ಯ ಹೇಳಿ ಅಂದೆ, ಬೋರ್ಡ್ ತುಂಬಿತು. ಒಬ್ಬ 'ಬೋರ್‌ವೆಲ್ ಮೋಟರ್ ರಾತ್ರಿ ಪೂರ್ತಿ ಓಡ್ತು' ಅಂದ, ಅದನ್ನೇ ಇಂಗ್ಲಿಷಿಗೆ ಮಾಡು ಅಂದ್ರೆ ತಡವರಿಸದೆ 'ದಿ ಮೋಟರ್ ರ‍್ಯಾನ್ ಆಲ್ ನೈಟ್' ಅಂದ. ಆಮೇಲೆ ಅಪ್ಪ ಮೋಟರ್ ಓಡಿಸಿದ್ರು ಅನ್ನು ಅಂದೆ, ಸ್ವಲ್ಪ ಹೊತ್ತು ಯೋಚನೆ ಮಾಡಿ 'ಫಾದರ್ ರ‍್ಯಾನ್ ದಿ ಮೋಟರ್' ಅಂದ್ಬಿಟ್ಟ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ. ಹುಬ್ಬಳ್ಳಿ ಅಕ್ಕನವರ ಸೂಜಿ ದಾರ ಭಾನುವಾರಕ್ಕೆ ಇಟ್ಟಿದೀನಿ.

ಒಂದು ಉಳಿದಿದೆ. ಔಟ್, ಇಂಟು, ಶಾರ್ಟ್ ಇವೆಲ್ಲ ಹಿಂದೆ ಸೇರ್ಕೊಂಡಾಗ ಏನು ಮಾಡೋದು? ಅಲ್ಲಿ ಎರಡು ಪ್ರಶ್ನೆ ಸಾಲಲ್ಲ ಅನ್ಸುತ್ತೆ.

ವ್ಯಾಕರಣ_ಪ್ರೇಮಿ
ಸಾಲಲ್ಲ ಮೇಡಂ. ಅವನ್ನ ಜೋಡಿಯಾಗೇ ಕಲಿಸಿ, ಬಿಡಿಸೋಕೆ ಹೋಗ್ಬೇಡಿ, ಒಂದೊಂದಕ್ಕೂ ಮನೆಯೊಳಗಿನ ವಾಕ್ಯ ಕೊಡಿ. ಗ್ಯಾಸ್ ಖಾಲಿ ಆಯ್ತು, ವಿ ರ‍್ಯಾನ್ ಔಟ್ ಆಫ್ ಗ್ಯಾಸ್. ಸಂತೇಲಿ ಹಳೇ ಮೇಷ್ಟ್ರು ಅಚಾನಕ್ಕಾಗಿ ಸಿಕ್ಕಿದ್ರು, ರ‍್ಯಾನ್ ಇಂಟು. ತಿಂಗಳ ಕೊನೇಲಿ ದುಡ್ಡು ಸಾಕಾಗ್ಲಿಲ್ಲ, ರ‍್ಯಾನ್ ಶಾರ್ಟ್. ಎಕ್ಸಾಮ್ ಹಾಲಿಗೆ ಹೋಗೋ ಮುಂಚೆ ನೋಟ್ಸ್ ಮೇಲೆ ಒಂದ್ಸಲ ಕಣ್ಣಾಡಿಸೋದು ರನ್ ಥ್ರೂ. ವಾರಕ್ಕೆ ಎರಡು ಮೂರು ಸಾಕು, ಒಂದೇ ದಿನ ಹತ್ತು ಕೊಟ್ರೆ ಔಟ್ ಹಾಕೋ ಕಡೆ ಇಂಟು ಹಾಕ್ತಾರೆ.

ಹುಬ್ಳಿ_ಕಸೂತಿ
ನಂದೂ ಒಂದ ಪ್ರಶ್ನೆ ಐತ್ರಿ. ನನ್ನ ಕಸೂತಿ ಫೋಟೋಕ್ಕ ಒಬ್ಬಾಕಿ 'ದಿಸ್ ಈಸ್ ನಾಟ್ ರನ್ ಆಫ್ ದ ಮಿಲ್' ಅಂತ ಕಮೆಂಟ್ ಹಾಕ್ಯಾಳ. ಬೈದಾಳೋ ಹೊಗಳ್ಯಾಳೋ?

ಪದಪ್ರಿಯ_ಮೈಸೂರು
ಹೊಗಳಿದ್ದಾರೆ ಅಕ್ಕಾ! ಮಿಲ್ಲಿಂದ ಹೊರಗೆ ಬಂದ ಮಾಲನ್ನ ಒಳ್ಳೇದು ಕೆಟ್ಟದ್ದು ಆರಿಸೋ ಮೊದಲು, ಬಂದದ್ದು ಬಂದ ಹಾಗೆ ಇರೋದನ್ನ ರನ್ ಆಫ್ ದ ಮಿಲ್ ಅಂತಿದ್ರು, ಅಲ್ಲಿಂದ ಸಾಧಾರಣದ್ದು ಅನ್ನೋ ಅರ್ಥ ಬಂತು. ನಿಮ್ಮದು ಹಾಗಲ್ಲ ಅಂದಿದ್ದಾರೆ.

ಹುಬ್ಳಿ_ಕಸೂತಿ
ಹಂಗಾದ್ರ ಆಕಿಗೆ ಥ್ಯಾಂಕ್ಸ್ ಅಂತ ಬರೀತೀನ್ರಿ ಈಗ.